ಪಿಸ್ತೂಲಿಗೆ ಇಡುವ ಹೆಸರು

ಧಾರವಾಡ
ಹದಿಮೂರನೆಯ ತಿಂಗಳ ಎರಡನೆಯ ದಿನ (ನಿಮ್ಮ ಎಣಿಕೆಯಲ್ಲಿ 2231)

ಪ್ರಾಣೇಶ ಹುಣಸಿಕಟ್ಟಿ ಅವರಿಗೆ,

ನಿಮ್ಮ ಕಾಲದ ಕನ್ನಡವನ್ನು ಈ ಪತ್ರಕ್ಕೆಂದೇ ಕಲಿತೆ. ಒರಟಾಗಿ ಕೇಳಿಸಿದರೆ ಕ್ಷಮಿಸಿ.

ನಿಮ್ಮ ಲೆಕ್ಕದಲ್ಲಿ ಎರಡು ವರ್ಷಗಳ ಹಿಂದೆ ಪುಣೆಯ ಕಚೇರಿಯೊಂದರಲ್ಲಿ ಕೂತು, ಜಗತ್ತಿನ ಪಿಸ್ತೂಲು ಮಾರುಕಟ್ಟೆ ಹೇಗೆ ಬೆಳೆಯಬಹುದೆಂದು ನೀವು ನೂರಾ ನಲವತ್ತು ಪುಟ ಬರೆದಿರಿ. ಅದಕ್ಕೂ ಮೊದಲು ಬರೆದದ್ದು ಟೂತ್‌ಪೇಸ್ಟ್ ಬಗ್ಗೆ. ಪಿಸ್ತೂಲು ಸವೆಯುವುದಿಲ್ಲ, ಒಮ್ಮೆ ಕೊಂಡವರು ಮತ್ತೆ ಬರುವುದಿಲ್ಲ, ಆದ್ದರಿಂದ ಎಂದೂ ಕೊಳ್ಳದವರನ್ನು ಹುಡುಕಬೇಕು ಎಂದಿರಿ. ಒಂಟಿ ಹೆಂಗಸರಿಗೆ ಕೈಚೀಲದಲ್ಲಿ ಹಿಡಿಸುವ ಹಗುರ ಮಾದರಿಯನ್ನು ಸೂಚಿಸಿದಿರಿ. ತಯಾರಕರು ಕೇಳಿದರು. ಗುಲಾಬಿ ಹಿಡಿಕೆಯ ಪುಟ್ಟ ಪಿಸ್ತೂಲು ಬಂತು. ನೀವು ಹೇಳಿದ್ದು ನಿಜ, ಅದು ಸವೆಯಲಿಲ್ಲ.

ನಮ್ಮಲ್ಲಿ ಬೀದಿಯ ಎಲ್ಲ ಮನೆಗಳಿಗೂ ಸೇರಿ ಒಂದೇ ಮಾಳಿಗೆ. ಅಲ್ಲಿಯ ಬಿಸಿಲನ್ನು ಮನೆಮನೆಗೆ ಹೊತ್ತು ಗೊತ್ತುಮಾಡಿ ಹಂಚುತ್ತೇವೆ, ಬಿಸಿಲುಪಾಳಿ ಎನ್ನುತ್ತೇವೆ. ನನ್ನ ತಂಗಿ ನೀಲವ್ವ ತನ್ನ ಪಾಳಿ ಮುಗಿದರೂ ಹಪ್ಪಳ ತೆಗೆಯಲಿಲ್ಲ. ಪಕ್ಕದ ಮನೆಯ ಶಾಂಭವಿಗೆ ಸಿಟ್ಟು ಬಂತು. ಕೈಗೆ ಸೌಟು ಸಿಕ್ಕಿದ್ದರೆ ತಂಗಿಯ ಹಣೆ ಊದಿಕೊಳ್ಳುತ್ತಿತ್ತು. ಸಿಕ್ಕಿದ್ದು ಅವಳ ಅಜ್ಜಿಯರ ಪೆಟ್ಟಿಗೆಯಲ್ಲಿ ಇನ್ನೂರು ವರ್ಷ ಮಲಗಿದ್ದ ಆ ಪಿಸ್ತೂಲು.

ಕೊಂದ ಆಯುಧಕ್ಕೆ ಸತ್ತವರ ಮನೆಯವರು ಹೆಸರಿಡುವುದು ಇಲ್ಲಿಯ ಕಾನೂನು. ಅದನ್ನು ಹಾರಿಸಿದವರ ಹೆಸರಾಗಬಹುದು, ಅದು ಲೋಕಕ್ಕೆ ಬರಲು ಕಾರಣರಾದ ಯಾರ ಹೆಸರಾದರೂ ಆಗಬಹುದು. ಇದನ್ನು ಹೆಸರುಹೊರೆ ಎನ್ನುತ್ತೇವೆ. ಆಮೇಲೆ ಆ ಹೆಸರಿನವರ ವಂಶದಲ್ಲಿ ಯಾವ ಮಗುವಿಗೂ ಆ ಹೆಸರಿಲ್ಲ; ಇಟ್ಟುಕೊಂಡವರೂ ಬಿಡಬೇಕು. ಶಾಂಭವಿ ಇವತ್ತಿಗೂ ಅಳುತ್ತಾಳೆ. ತಯಾರಿಸಿದವನಿಗೆ ಲೋಹದ ಮೇಲಾದರೂ ಪ್ರೀತಿಯಿತ್ತು. ನಿಮಗೆ ಯಾವುದರ ಮೇಲೂ ಏನೂ ಇರಲಿಲ್ಲ. ನಿಮ್ಮನ್ನು ಆರಿಸಿದೆ.

ಅಜ್ಜನ ಹೆಸರನ್ನು ಮೊಮ್ಮಗನಿಗಿಡುವುದನ್ನು ನಿಮ್ಮವರು ಬಿಟ್ಟಿಲ್ಲ. ಈಗಿನ ಪ್ರಾಣೇಶರಿಗೆ ಎಪ್ಪತ್ತು. ಸುದ್ದಿ ತಿಳಿದು ಮೊನ್ನೆ ನನ್ನ ಮನೆಗೆ ಬಂದರು. ಚಹಾ ಮುಟ್ಟಲಿಲ್ಲ.

“ನಮ್ಮ ಹಿರಿಯರು ಗುಂಡು ಹಾರಿಸಿದವರಲ್ರೀ. ಬರೇ ಬರದಾರ,” ಎಂದರು.

“ನನ್ನ ತಂಗೀನೂ ಬರೇ ಹಪ್ಪಳಾ ಹಾಕಾಕತ್ತಿದ್ಲ್ರೀ,” ಎಂದೆ.

“ಎಪ್ಪತ್ತು ವರ್ಷ ಆತು ಗದಿಗೆಪ್ಪಾ. ಈಗ ಬ್ಯಾರೆ ಹೆಸರಿಲೆ ಕರದ್ರ ನಾ ಹೊಳ್ಳಿ ನೋಡಂಗಿಲ್ಲ.”

ನನಗೆ ಕರುಣೆ ಬಂತು. ಸ್ವಲ್ಪ ಹೊತ್ತು ಅದನ್ನು ಗಮನಿಸುತ್ತ ಕೂತೆ. ಹೋಯಿತು. ನಾಳೆ ಪಂಚರ ಮುಂದೆ ನಿಮ್ಮ ಹೆಸರನ್ನೇ ಹೇಳುತ್ತೇನೆ.

ಹಿಂದಿನ ಕಾಲಕ್ಕೆ ಪತ್ರ ಒಯ್ಯುವ ಹಿಂದಂಚೆಯವರು ತಂಗಿಯನ್ನು ಉಳಿಸುವ ಪತ್ರವನ್ನು ತೆಗೆದುಕೊಳ್ಳಲಿಲ್ಲ, ನಡೆದದ್ದು ಬದಲಾಗಬಾರದಂತೆ. ತಲುಪುವ ದಿನವನ್ನು ಆರಿಸಲು ಮಾತ್ರ ಬಿಟ್ಟರು. ಬಹಳ ಯೋಚಿಸಿ ಆರಿಸಿದ್ದೇನೆ. ಇದು ನಿಮ್ಮ ಕೈ ಸೇರುವ ಇವತ್ತು ನಿಮ್ಮ ಮೊದಲ ಮೊಮ್ಮಗ ತೊಟ್ಟಿಲಿಗೆ ಬರುತ್ತಾನೆ. ಅವನ ಕಿವಿಯಲ್ಲಿ ನಿಮ್ಮ ಹೆಸರು ಹೇಳಲು ಬಗ್ಗುವ ಮುನ್ನ ನಿಮ್ಮ ಮಗಳು ನಿಮ್ಮ ಮುಖ ನೋಡುತ್ತಾಳೆ. ಬೇಡ ಅನ್ನಬಹುದು. ಆದರೆ ಅಷ್ಟು ಜನರ ಮುಂದೆ ಕಾರಣ ಹೇಳಬೇಕು, ನೀವು ಹೇಳುವುದಿಲ್ಲ. ಇನ್ನೂರು ವರ್ಷದ ಪ್ರಾಣೇಶರೇ ಅದಕ್ಕೆ ಸಾಕ್ಷಿ. ಈ ಹಾಳೆಯನ್ನು ಜೇಬಿಗಿಟ್ಟು, ನಕ್ಕು, ತಲೆಯಾಡಿಸುತ್ತೀರಿ.

ನಗಿ. ನನಗೆ ಬೇಕಾದದ್ದು ಅಷ್ಟೇ.

ನೀಲವ್ವನ ಅಣ್ಣ,
ಗದಿಗೆಪ್ಪ