ಎಡಗಾಲಿಗೆ ಕೆಲಸವಿಲ್ಲದ ಗಾಡಿ

ಅಕ್ಟೋಬರ್ 9, 2024, ಬುಧವಾರ. ಗುಂಜೋಟಿ

ಬೆಳಿಗ್ಗೆ ಜೀಪು ತೊಳೆದೆ. ಹಿಂದಿನ ಟೈರಿನಲ್ಲಿ ಮತ್ತೆ ಗಾಳಿ ಇಳಿದಿದೆ. ಅಷ್ಟರಲ್ಲಿ ಪುಣೆಯಿಂದ ಆ ಗಾಡಿ ಬಂತು. ಕ್ಯಾಂಪರ್ ವ್ಯಾನ್. ಒಳಗೆ ಹಾಸಿಗೆ, ಗ್ಯಾಸ್ ಒಲೆ, ಕೈ ತೊಳೆಯುವ ಬೇಸಿನ್, ಕಿಟಕಿಗೆ ಪರದೆ ಬೇರೆ.

ಮಾಲಕರು ಮನ್ಮಥಪ್ಪನವರು ಹೆಂಡತಿಗಾಗಿ ತರಿಸಿದ್ದು. ಮೂವತ್ತೊಂದು ವರ್ಷದ ಹಿಂದಿನ ಭೂಕಂಪದ ಆ ರಾತ್ರಿಯಿಂದ ರಂಭಾಬಾಯಿ ಅವ್ವ ಪರ ಊರಿನಲ್ಲಿ ಸಿಮೆಂಟ್ ಸ್ಲ್ಯಾಬಿನ ಕೆಳಗೆ ಮಲಗುವುದಿಲ್ಲ. ಲಾಡ್ಜಿಗೆ ಕರೆದೊಯ್ದರೆ ಬೆಳಗಾಗುವ ತನಕ ಬಾಗಿಲ ಬಳಿ ಕೂತಿರುತ್ತಾರೆ. ಹೀಗಾಗಿ ಯಾತ್ರೆಗಳೆಲ್ಲ ಬಾಕಿ. ಇನ್ನು ಮಲಗುವ ಕೋಣೆಯನ್ನೇ ಜೊತೆಗೆ ಒಯ್ಯುವುದಂತೆ. ಮೊದಲು ಕಪಿಲಧಾರಕ್ಕೆ.

ಓಡಿಸುವವನು ನಾನು. ಇನ್ಯಾರು? ಇಪ್ಪತ್ತು ವರ್ಷದ ಮೇಲಾಯಿತು ಈ ಮನೆಯ ಡ್ರೈವರ್ ಆಗಿ.

ಆದರೆ ಇದು ಆಟೊಮ್ಯಾಟಿಕ್. ಗಾಡಿ ತಂದ ಪುಣೆಯವನು ಹೇಳಿಕೊಟ್ಟು ಹೋದ. ಕ್ಲಚ್ ಇಲ್ಲ. ಬಲಗಾಲು ಒಂದೇ ಸಾಕು, ಎಡಗಾಲಿಗೆ ಕೆಲಸವಿಲ್ಲ. ಅದು ನನ್ನ ಎಡಗಾಲಿಗೆ ಗೊತ್ತಾಗಬೇಕಲ್ಲ... ಎಲ್ಲರನ್ನೂ ಕೂರಿಸಿಕೊಂಡು ಒಂದು ಸುತ್ತು ಹೊರಟಾಗ ತಿರುವಿನಲ್ಲಿ ತಾನಾಗಿಯೇ ಹೋಗಿ ಕ್ಲಚ್ ಎಂದು ತುಳಿಯಿತು. ತುಳಿದದ್ದು ಬ್ರೇಕು. ಗಾಡಿ ಗಕ್ಕನೆ ನಿಂತಿತು. ಅವ್ವನ ಚಹಾ ಎಲ್ಲ ಸೀರೆಯ ಮೇಲೆ.

"ನಾಗನಾಥ, ನಾಳಿಂದ ಎಡಗಾಲು ಮನ್ಯಾಗ ಬಿಟ್ಟು ಬಾರೋ," ಅಂದರು ಮಾಲಕರು.

ಎಲ್ಲರೂ ನಕ್ಕರು. ತ್ರಿವೇಣಿಯೂ ನಕ್ಕಳು. ಅವರ ಮನೆಯಲ್ಲಿ ಅಡುಗೆ ಮಾಡುತ್ತಾಳೆ, ನಾನು ಕಟ್ಟಿಕೊಂಡ ಹೆಂಡತಿ. ಅವಳೂ ನಕ್ಕಳು.

ಅಕ್ಟೋಬರ್ 12, ಶನಿವಾರ. ದಸರಾ

ಮಾನ ಹೋಯಿತು.

ಗಾಡಿಪೂಜೆ. ಚೆಂಡು ಹೂವಿನ ಮಾಲೆ, ಗಾಲಿಗಳ ಕೆಳಗೆ ನಿಂಬೆಹಣ್ಣು. ಆರತಿ ಮುಗಿದು ಕಾಯಿ ಒಡೆದ ಮೇಲೆ ಗಾಡಿ ಅವುಗಳ ಮೇಲೆ ಹಾಯಬೇಕು. ಎಂಜಿನ್ ಶುರು ಮಾಡಿ, ಗೇರ್ D ಗೆ ಹಾಕಿ ತಯಾರಾಗಿ ಕೂತಿದ್ದೆ. ಪೂಜೆಗೆ ಬಂದಿದ್ದ ಸ್ವಾಮಿಗಳು ಆರತಿ ತೆಗೆದುಕೋ ಎಂದರು. ಇಳಿದೆ. ಜೀಪನ್ನು ಹಾಗೆ ಬಿಟ್ಟರೆ ಬಂದ್ ಬೀಳುತ್ತದೆ. ಇದು ಬೀಳುವುದಿಲ್ಲ. ಬ್ರೇಕಿನಿಂದ ಕಾಲು ತೆಗೆದರೆ ತಾನೇ ನಡೆಯುತ್ತದೆ. ನಿಂಬೆಹಣ್ಣುಗಳು ಒಂದು ಗಳಿಗೆ ತಡೆದವು, ಗಾಡಿ ನಿಂತಿದೆ ಅಂದುಕೊಂಡೆ. ಆಮೇಲೆ ಚಪ್ ಚಪ್ ಎಂದು ಒಡೆದವು. ಸ್ವಾಮಿಗಳು ಆರತಿ ಸಮೇತ ಹಿಂದಕ್ಕೆ ಜಿಗಿದರು. ಗಾಡಿ ದನದ ಕೊಟ್ಟಿಗೆಯ ಕಡೆಗೆ. ನಾನು ಹಿಂದೆ ಓಡುತ್ತ "ಏ ನಿಲ್ಲು, ನಿಲ್ಲು!" ಎಂದು ಕೂಗುತ್ತಿದ್ದೇನೆ. ಎತ್ತಿಗೆ ಕೂಗಿದ ಹಾಗೆ.

ತ್ರಿವೇಣಿ ಗಾಡಿಯೊಳಗೇ ಇದ್ದಳು, ಅಲ್ಲಿನ ಒಲೆಗೆ ಕುಂಕುಮ ಹಚ್ಚುತ್ತ. ಸೀಟುಗಳ ನಡುವೆ ನುಗ್ಗಿ ಬಂದು ಕೈಯಿಂದಲೇ ಬ್ರೇಕ್ ಒತ್ತಿದಳು. ಎಮ್ಮೆಯ ಮೂತಿಗೆ ಒಂದು ಗೇಣು ಉಳಿದಿತ್ತು.

"ಬ್ರೇಕ್ ಯಾವುದಂತ ನಿನಗ ಹ್ಯಾಂಗ ಗೊತ್ತಾತವ್ವ?" ಮಾಲಕರು ಕೇಳಿದರು.

"ಪುಣೆದಾಂವ ಇವರಿಗಿ ಹೇಳಿಕೊಡೂವಾಗ ಹಿಂದ ನಿಂತು ಕೇಳಿದ್ನಲ್ರೀ."

"ಶಾಬಾಸ್! ಹಂಗಾರ ನೀನೂ ಕಲಿ."

ಯಾಕೆ ಕಲಿಯಬೇಕು? ಗಾಡಿ ಒಂದು. ಸ್ಟಿಯರಿಂಗ್ ಒಂದು.

ಅಕ್ಟೋಬರ್ 20, ರವಿವಾರ

ಸೋಯಾ ಕೊಯ್ದ ಹೊಲದಲ್ಲಿ ಕಲಿಸಿದೆ. ಮಾಲಕರ ಅಪ್ಪಣೆ.

ಹತ್ತಿದಳು. ಎಡಗಾಲಿನ ಚಪ್ಪಲಿ ಕಳಚಿಟ್ಟಳು. ಆ ಕಾಲು ಮಡಚಿ ತೊಡೆಯ ಕೆಳಗೆ ಹಾಕಿಕೊಂಡು ಕೂತಳು, ರೊಟ್ಟಿ ಬಡಿಯಲು ಕೂರುವ ಹಾಗೆ.

"ಏನ, ಇದು ಅಡಗಿಮನಿ ಅಂತ ತಿಳಿದಿಯೇನ?"

"ಕೆಲಸ ಇಲ್ಲದ ಕಾಲು ಸುಮ್ಮ ಯಾಕ ಜೋತು ಬಿಡ್ಲಿರಿ? ಹಿಂಗಿದ್ರ ನಿಮ್ಮಂಗ ನಡುವ ಬಾಯಿ ಹಾಕಂಗಿಲ್ಲ."

ಹಿಂದಿನ ಮೇಜಿನ ಮೇಲೆ ಮಾಲಕರು ತುಂಬಿದ ಚೊಂಬು ಇಟ್ಟರು. ಅವಳು ಇಡೀ ಹೊಲ ಸುತ್ತಿಸಿದಳು, ಒಂದು ಹನಿ ಚೆಲ್ಲಲಿಲ್ಲ. ಆಮೇಲೆ ನಾನು ಓಡಿಸಿದೆ. ಎಡಗಾಲು ಎರಡು ಸಲ ಬ್ರೇಕಿಗೆ ಹೋಯಿತು. ಅರ್ಧ ಚೊಂಬು ಖಾಲಿ.

ಹೊಟ್ಟೆ ಉರಿಯಿತು. ಇಲ್ಲಿ ಯಾರು ಓದುತ್ತಾರೆ, ಬರೆದೇ ಬಿಡುತ್ತೇನೆ. ನನಗೆ ಗೇರ್ ಹಿಡಿತಕ್ಕೆ ಬರಲು ವರ್ಷ ಹಿಡಿಯಿತು. ಉಸ್ತಾದನ ಏಟು ತಿಂದು ಕಲಿತಿದ್ದೇನೆ. ಅವಳಿಗೆ ಒಂದು ಮಧ್ಯಾಹ್ನ ಸಾಕಾಯಿತು.

ನವೆಂಬರ್ 7, ಗುರುವಾರ

ಕಲಿಯುವವರ ಲೈಸನ್ಸ್ ಬಂದಿದೆ. ಗಾಡಿಯ ಮುಂದೆ ಹಿಂದೆ ಕೆಂಪು L ಹಲಗೆ. ಪಕ್ಕದಲ್ಲಿ ಲೈಸನ್ಸ್ ಇದ್ದವರು ಕೂರಬೇಕೆಂದು ಕಾಯಿದೆ. ಕೂತೆ.

ಕಾಸಾರಶಿರಸಿಯ ಬಸ್ ಸ್ಟ್ಯಾಂಡ್ ಎದುರು ಚಹಾಕ್ಕೆ ನಿಂತೆವು. ಸೀಟಿಗಿಷ್ಟು ಎಂದು ಜನ ತುಂಬುವ ಬಾಡಿಗೆ ಜೀಪುಗಳೆಲ್ಲ ಅಲ್ಲೇ. ಬಾಲಾಜಿ ನೋಡಿಬಿಟ್ಟ. ಹಳೆಯ ಗೆಳೆಯ, ಬಾಯಿ ಮಾತ್ರ ಗಟಾರ.

"ಕಾಯ್ ನಾಗನಾಥ ಶೇಟ್! ಈಗ ನೀನೇ ಡ್ರೈವರ್ ಇಟ್ಟೀಯಂತಲ್ಲೋ! ಪಗಾರ ಎಷ್ಟ ಕೊಡ್ತಿ?"

ಇಡೀ ಸ್ಟ್ಯಾಂಡ್ ಹೋ ಎಂದು ನಕ್ಕಿತು. ತ್ರಿವೇಣಿ ನಗಲಿಲ್ಲ. "ಚಹಾ ಆರ್ತದ, ಕುಡೀರಿ," ಎಂದು ಗ್ಲಾಸು ಕೈಗೆ ಕೊಟ್ಟಳು. ಅದಕ್ಕೂ ಮೈ ಉರಿಯಿತು. ನಕ್ಕಿದ್ದರೆ ಬೈಯಲಿಕ್ಕಾದರೂ ಬರುತ್ತಿತ್ತು.

ನವೆಂಬರ್ 10

ವ್ಯಾನಿನ ಕನ್ನಡಿ ಅವಳ ಎತ್ತರಕ್ಕಿತ್ತು. ನನ್ನ ಎತ್ತರಕ್ಕೆ ತಿರುಗಿಸಿದೆ.

ಸಂಜೆ ನೋಡಿದರೆ ಮತ್ತೆ ಅವಳ ಎತ್ತರಕ್ಕಿದೆ. ಮತ್ತೆ ತಿರುಗಿಸಿದೆ.

ನವೆಂಬರ್ 13, ಬುಧವಾರ

ಮಾಲಕರು ಇವತ್ತು ಹೇಳಿಯೇ ಬಿಟ್ಟರು. ಪಕ್ಕಾ ಲೈಸನ್ಸ್ ಆಗಲಿ, ಕಪಿಲಧಾರಕ್ಕೆ ತ್ರಿವೇಣಿ ಗಾಡಿ ಹೊಡೆಯಲಿ. "ನೀ ಜೀಪ್ ನೋಡ್ಕೊ."

ಜೀಪ್ ನೋಡಿಕೋ. ಅದರಲ್ಲಿ ನೋಡಲಿಕ್ಕೆ ಏನು ಉಳಿದಿದೆ?

ಅವ್ವ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದರು. ಹೋಗಿ ಪಕ್ಕದಲ್ಲಿ ಕೂತೆ. ಮೆಲ್ಲಗೆ ಹೇಳಿದೆ. "ಅವ್ವಾರ, ತ್ರಿವೇಣಿಗಿ ಒಮ್ಮೊಮ್ಮಿ ಚಕ್ಕರ್ ಬರ್ತದ್ರಿ. ಕಣ್ಣು ಕತ್ತಲಾಗ್ತದ. ನಾ ಹೇಳ್ದೆ ಅಂತ ಅನಬ್ಯಾಡ್ರಿ."

"ಅಯ್ಯ ಶಿವನೇ! ಮೊದಲ ಯಾಕ ಹೇಳಲಿಲ್ಲೋ? ಇರ್ಲಿ, ನಿನ್ನ ಹೆಸರು ತೆಗ್ಯಾಂಗಿಲ್ಲ."

ಅವಳಿಗೆ ಎಂದೂ ಚಕ್ಕರ್ ಬಂದಿಲ್ಲ. ಬಾಯಿಗೆ ಬಂದದ್ದು ಹೇಳಿದೆ.

ನವೆಂಬರ್ 14

ಚಾವಿ ನನ್ನ ಕೈಗೆ ಬಂತು.

ತ್ರಿವೇಣಿ ಮನೆಗೆ ಬಂದು ಒಲೆ ಹಚ್ಚಲಿಲ್ಲ. ಗೋಡೆಗೆ ಒರಗಿ ಕೂತಳು. "ನಿನ್ನ ಆರೋಗ್ಯ ನೋಡ್ಕೊ, ಗಾಡಿ ಬ್ಯಾಡ ಅಂತಾರ ಅವ್ವಾರು. ನನಗೇನಾಗ್ಯಾದ್ರಿ? ಯಾರು ಏನು ತುಂಬಿರಬೇಕು ಅವರ ಕಿವ್ಯಾಗ?"

"ನನಗೇನು ಗೊತ್ತು," ಅಂದೆ.

ಅತ್ತಳು. ಅವಳು ಅಳುವುದನ್ನು ನೋಡಿ ಎಷ್ಟೋ ವರ್ಷವಾಗಿತ್ತು. ಗೆದ್ದವನು ನಾನು, ನಿನ್ನೆಯ ರೊಟ್ಟಿ ತಿಂದು ಮಲಗಿದೆ.

ನವೆಂಬರ್ 24, ರವಿವಾರ. ಉದಗೀರ, ಆಸ್ಪತ್ರೆಯ ಹೊರಗೆ

ಒಳಗೆ ಅವ್ವನ ಕೈಗೆ ಪ್ಲಾಸ್ಟರ್ ಹಾಕುತ್ತಿದ್ದಾರೆ. ನಾನು ಇಲ್ಲಿ ಕೂತು ಬರೆಯುತ್ತಿದ್ದೇನೆ.

ಅವ್ವನ ತಂಗಿ ಮುಕ್ತಾಬಾಯಿ ಇರುವುದು ಜಳಕೋಟದಲ್ಲಿ. ಅವರನ್ನು ನೋಡಲು ಹೊರಟಿದ್ದೆವು. ಮಾಲಕರು, ಅವ್ವ, ತ್ರಿವೇಣಿ. ಓಡಿಸಿದ್ದು ನಾನು. ನಿಲಂಗಾ ದಾಟುವ ತನಕ ಎಡಗಾಲು ಸುಮ್ಮನಿತ್ತು. ಮುಂದೆ ಕಬ್ಬಿನ ಟ್ರ್ಯಾಕ್ಟರ್. ಹಿಂದೆ ಹಾಕಲು ಹೊರಬಂದೆ, ಎದುರಿಗೆ ಬಸ್ಸು. ಗೇರ್ ಬದಲಿಸಿ ಜೋರಾಗಿ ದಾಟಬೇಕು ಅಂದುಕೊಂಡೆ ಅಷ್ಟೇ... ಎಡಗಾಲು ತಳಮುಟ್ಟ ತುಳಿದುಬಿಟ್ಟಿತು. ಗಾಡಿ ಸತ್ತ ಹಾಗೆ ನಿಂತಿತು. ಬಸ್ಸಿನವನು ಮಣ್ಣಿಗೆ ಇಳಿಸಿ ತಪ್ಪಿಸಿದ. ಹಾಸಿಗೆಯಲ್ಲಿ ಮಲಗಿದ್ದ ಅವ್ವ ಕೆಳಗೆ ಬಿದ್ದರು. ಮಣಿಕಟ್ಟು ಸೊಟ್ಟಗಾಯಿತು.

ಗಾಡಿ ಬದಿಗೆ ಹಚ್ಚಿದೆ. ಮತ್ತೆ ಶುರು ಮಾಡಲು ಹೋದರೆ ನನ್ನಿಂದ ಚಾವಿ ತಿರುಗಿಸಲು ಆಗುತ್ತಿಲ್ಲ.

"ಸರೀರಿ, ನಾ ಹೊಡಿತೀನಿ," ಅಂದಳು ತ್ರಿವೇಣಿ.

ಅವ್ವ ನರಳುತ್ತಲೇ ಅಂದರು, "ಬ್ಯಾಡವ್ವ, ನಿನಗ ಚಕ್ಕರ್ ಬರ್ತದ."

"ನನಗ ಚಕ್ಕರ್? ಯಾರು ಹೇಳ್ಯಾರ್ರಿ?"

ಅವ್ವ ಹೇಳಲಿಲ್ಲ. ಅಷ್ಟು ನೋವಿನಲ್ಲೂ ಕೊಟ್ಟ ಮಾತು ಉಳಿಸಿಕೊಂಡರು. ನನ್ನ ಕಡೆ ಒಮ್ಮೆ ನೋಡಿದರು.

"ನಾ ಹೇಳೀನಿ," ಅಂದೆ. "ಸುಳ್ಳು ಹೇಳೀನಿ."

ಮಾಲಕರು ಚಾವಿ ತೆಗೆದು ಅವಳ ಕೈಗೆ ಕೊಟ್ಟರು. ತ್ರಿವೇಣಿ ಡ್ರೈವರ್ ಸೀಟಿಗೆ ಬಂದಳು. ಎಡಗಾಲಿನ ಚಪ್ಪಲಿ ಕಳಚಿದಳು, ಕಾಲು ಮಡಚಿ ಕೂತಳು. ಉದಗೀರದ ತನಕ ಅವ್ವನ ಕೈ ಅಲುಗಲಿಲ್ಲ. ಪಕ್ಕದಲ್ಲಿ ಲೈಸನ್ಸ್ ಇದ್ದವನು ಬೇಕಲ್ಲ, ನಾನು ಕೂತಿದ್ದೆ. ಹಿಂದೆ ಅವ್ವ ನರಳುತ್ತಿದ್ದಾರೆ, ತಪ್ಪು ನನ್ನದು, ಆದರೂ ಸ್ಟಿಯರಿಂಗ್ ಮೇಲಿನ ಅವಳ ಕೈ ನೋಡಿ ಒಳಗೆ ಉರಿಯುತ್ತಲೇ ಇತ್ತು. ಎಂಥ ಮನುಷ್ಯ ನಾನು.

ಡಿಸೆಂಬರ್ 2

ಮಾತಿಲ್ಲ. ತಾಟಿಗೆ ಬಡಿಸಿ ಆಚೆ ಹೋಗುತ್ತಾಳೆ.

ಡಿಸೆಂಬರ್ 9, ಸೋಮವಾರ

ಅವಳಿಗೆ ಪಕ್ಕಾ ಲೈಸನ್ಸ್ ಆಯಿತು. ಇನ್ನು ಪಕ್ಕದಲ್ಲಿ ಯಾರೂ ಕೂರಬೇಕಾಗಿಲ್ಲ.

ಮಧ್ಯಾಹ್ನ ಯಾರೂ ಇಲ್ಲದಾಗ ವ್ಯಾನ್ ಹತ್ತಿದೆ. ಎಡಗಾಲು ಮಡಚಿ ಕೂರಲು ನೋಡಿದೆ. ಮೊಣಕಾಲು ಲಟಕ್ಕೆಂದಿತು. ಕನ್ನಡಿಯಲ್ಲಿ ನೋಡಿದರೆ ತ್ರಿವೇಣಿ ಕಸಬರಿಗೆ ಹಿಡಿದು ಹಿಂದೆ ನಿಂತಿದ್ದಾಳೆ. ಎಷ್ಟು ಹೊತ್ತಿನಿಂದಲೋ. ಇಳಿದು ಹೋದಳು.

ಕನ್ನಡಿ ಅವಳ ಎತ್ತರಕ್ಕೇ ಇರಲಿ ಎಂದು ಬಿಟ್ಟೆ.

ಡಿಸೆಂಬರ್ 15, ರವಿವಾರ. ಬೆಳಿಗ್ಗೆ

ಇವತ್ತು ಕಪಿಲಧಾರಕ್ಕೆ ಹೋಗುತ್ತಾರೆ. ಅವ್ವ ಕೈಯ ಪ್ಲಾಸ್ಟರ್ ಸಮೇತ ತಯಾರು. ನನ್ನನ್ನು ಯಾರೂ ಕರೆದಿಲ್ಲ. ಯಾಕೆ ಕರೆಯುತ್ತಾರೆ? ಜೀಪು ತೊಳೆದು ಬಂದು ಕೂತಿದ್ದೇನೆ. ಉರಿ ಹೋಗಿಲ್ಲ. ಹೋಯಿತು ಎಂದು ಇಲ್ಲೂ ಯಾಕೆ ಸುಳ್ಳು ಬರೆಯಲಿ.

ಹಾರ್ನ್. ನಮ್ಮ ಮನೆಯ ಮುಂದೆಯೇ.

"ನಾಗನಾಥ, ಲಗೂ ಬಾರೋ!" ಅವ್ವನ ದನಿ. "ನೀ ಬರೂತನಕ ಗಾಡಿ ಬಿಡಂಗಿಲ್ಲ ಅಂತಾಳ ಇಕಿ!"

ಅಂಗಿ ಹಾಕಿಕೊಂಡೆ. ಬಾಗಿಲಿಗೆ ಹೋದರೆ ನನ್ನ ಬಲಗಾಲಿನ ಚಪ್ಪಲಿ ಒಂದೇ ಇದೆ. ಅದರ ಮೇಲೆ, ಗಾಡಿಯಿಂದ ಕಿತ್ತ ಆ ಕೆಂಪು L ಹಲಗೆ, ಇನ್ನು ಕಲಿಯುವವನು ನೀನು ಅನ್ನುವ ಹಾಗೆ. ಎಡಗಾಲಿನದು ಮಂಚದ ಕೆಳಗೂ ಇಲ್ಲ, ಹಿತ್ತಲಲ್ಲೂ ಇಲ್ಲ. ಎಲ್ಲಿ ಮುಚ್ಚಿಟ್ಟಿದ್ದಾಳೋ ಕಳ್ಳಿ...

ಮತ್ತೆ ಹಾರ್ನ್. ಬಂದೆ ಮಾರಾಯ್ತಿ, ಒಂದೇ ಚಪ್ಪಲಿಯಲ್ಲಿ ಹೇಗೆ—