ಗಂಟೆ ಹೊಡೆಯುವ ತನಕ ಏಳಲಿಲ್ಲ

ಜೇವರ್ಗಿ
ರವಿವಾರ, ೧೬ ನವೆಂಬರ್ ೨೦೨೫

ಮಟಕಿಯಲ್ಲಿರುವ ನನ್ನ ಅವ್ವ ಗೌರಾಬಾಯಿಗೆ, ಮಗಳು ಜಯಮಾಲಾಳ ಶರಣು.

ಫೋನಿನಲ್ಲಿ ನಾನು ಬಾಯಿ ತೆರೆಯುವ ಮೊದಲೇ ನೀನು ಅಳುತ್ತೀ. ಅಳು ಕೇಳಿ ನಾನು ಸುಮ್ಮನಾಗುತ್ತೇನೆ, ಸುಮ್ಮನಾದರೆ ಒಪ್ಪಿಕೊಂಡಳು ಎಂದು ನೀನು ತಿಳಿಯುತ್ತೀ. ಅದಕ್ಕೇ ಈ ಕಾಗದ. ಇದರಲ್ಲಿ ನಡುವೆ ಬಾಯಿ ಹಾಕಲು ನಿನಗೆ ಬರುವುದಿಲ್ಲ.

"ಹೋಗಿ ಮಾವನ ಕಾಲಿಗಿ ಬೀಳ ಬೇ, ತಪ್ಪಾಯ್ತು ಅಂದ್ರ ಬಗೀಹರೀತದ" ಎಂದೆಯಲ್ಲ, ನಾನು ಬೀಳುವುದಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟಿದ್ದೇನೆ, ಇನ್ನು ಉಳಿದದ್ದನ್ನು ಸಾವಕಾಶ ಓದು.

ತಸ್ಲೀಮ ಟೀಚರ್ ಗೊತ್ತಲ್ಲ, ಇಲ್ಲಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವರು. ರವಿವಾರ ಊಟವಾದ ಮೇಲೆ ಅವರ ಮಾಳಿಗೆಯ ಕೋಣೆಯಲ್ಲಿ ನಾವು ಐದಾರು ಹೆಂಗಸರು ಕೂಡುತ್ತೇವೆ. ಟೀಚರ್ ಒಂದು ವಿಷಯ ಕೊಡುತ್ತಾರೆ, ಫೋನಿನಲ್ಲಿ ಮುಕ್ಕಾಲು ತಾಸಿನ ಗಂಟೆ ಇಟ್ಟು ಫೋನನ್ನು ಗೋಡೆಯ ಗೂಡಿನಲ್ಲಿ ಬೋರಲು ಹಾಕುತ್ತಾರೆ. ಗಂಟೆ ಹೊಡೆಯುವ ತನಕ ಬರೆಯಬೇಕು. ಮಾತಿಲ್ಲ, ಏಳುವಂತಿಲ್ಲ.

ಮೊದಮೊದಲು ನನ್ನ ಹಾಳೆ ನೋಡಿದ್ದರೆ ನೀನು ನಗುತ್ತಿದ್ದೆ. ಒಂದು ಸಾಲು ಬರೆಯುವುದು, ಹೊಡೆದು ಹಾಕುವುದು, ಪಕ್ಕದ ಮಹಾನಂದಾಳ ಕೈ ಎಷ್ಟು ಜೋರಾಗಿ ಓಡುತ್ತಿದೆ ಎಂದು ಇಣುಕುವುದು, ಒಲೆಯ ಮೇಲೆ ಬೇಳೆ ಇಟ್ಟು ಬಂದೆನೇ ಎಂದು ಗಾಬರಿಯಾಗುವುದು. ಅಷ್ಟರಲ್ಲಿ ಗಂಟೆ ಹೊಡೆದೇ ಬಿಡುತ್ತಿತ್ತು. ಬರವಣಿಗೆ ನನ್ನ ಕೈಯಲ್ಲಾಗದು ಎಂದು ಒಂದು ದಿನ ಅತ್ತೂ ಬಿಟ್ಟೆ. ಟೀಚರ್ ಸಮಾಧಾನ ಮಾಡಲಿಲ್ಲ. "ಚಲೋ ಬರೀಬೇಕು ಅಂತ ಕುಂತೀರಿ, ಅದಕ್ಕ ಕೈ ಹಿಡೀಲಿಕ್ಹತ್ತದ. ಹಿಂದ ತಿರುಗಿ ಓದಬ್ಯಾಡ್ರಿ. ಏನೂ ಹೊಳೀಲಿಲ್ಲಂದ್ರ ಹೊಳೀವಲ್ದು ಅಂತನೇ ಬರೀರಿ, ಖರೆ ಪೆನ್ ನಿಲ್ಲಸಬ್ಯಾಡ್ರಿ" ಎಂದರು. ನಾನು ಹಾಗೇ ಮಾಡಿದೆ. ಪುಟದ ತುಂಬ ಹೊಳೀವಲ್ದು, ಹೊಳೀವಲ್ದು ಎಂದು ಬರೆಯುತ್ತ ಹೋದರೆ ಎಲ್ಲಿಂದಲೋ ಒಂದು ನಿಜವಾದ ಸಾಲು ಬರುತ್ತದೆ ಅವ್ವಾ. ಅದರ ಬೆನ್ನು ಹತ್ತಿ ಇನ್ನೊಂದು.

ಹೋದ ರವಿವಾರ ಕೊಟ್ಟ ವಿಷಯ, ಅರ್ಧಕ್ಕೆ ಬಿಟ್ಟದ್ದು. ನನಗೆ ನೀನು ನೆನಪಾದೆ.

ಅಫಜಲಪುರದಲ್ಲಿ ನೀನು ಮೆಟ್ರಿಕ್ ಪರೀಕ್ಷೆಗೆ ಕುಳಿತದ್ದು, ಕನ್ನಡ ಪೇಪರಿನ ನಡುವೆ ಅಜ್ಜ ಹೇಳಿಕಳಿಸಿದ್ದು, ವರನ ಕಡೆಯವರು ಬಂದು ಕುಳಿತಿದ್ದಾರೆಂದು ನೀನು ಪ್ರಬಂಧವನ್ನು ಅರ್ಧಕ್ಕೆ ಬಿಟ್ಟು ಎದ್ದು ಬಂದದ್ದು. ರೊಟ್ಟಿ ಬಡಿಯುತ್ತ ನೀನು ಅದನ್ನು ನಗುನಗುತ್ತ ಹೇಳಿದ್ದೆ. ನಾನೂ ನಕ್ಕಿದ್ದೆ. ಆದರೆ ಬರೆಯಲು ಕುಳಿತಾಗ, ಆ ಹುಡುಗಿ ಪೆನ್ನಿನ ಟೋಪಿ ಹಾಕುವ ಜಾಗಕ್ಕೆ ಬಂದಾಗ, ನನಗೆ ಅವಳನ್ನು ನಗಿಸಲು ಆಗಲಿಲ್ಲ.

ಸರಿಯಾಗಿ ಆಗಲೇ ಮಾವನವರು ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತರು. ದೌಲತರಾಯರು ಬಂದರೆ ಈ ಓಣಿಯಲ್ಲಿ ಕುಳಿತವರು ಏಳುತ್ತಾರೆ.

"ಜಯಾ, ಏಳವಾ. ಬೀಗರು ಬಂದಾರ, ಚಾ ಇಡವರಿಲ್ಲ ಮನ್ಯಾಗ."

ಬಂದವರು ನಾದಿನಿಯ ಗಂಡನ ಮನೆಯವರು, ಅತ್ತೆ ಅಂದು ಗಾಣಗಾಪುರಕ್ಕೆ ಹೋಗಿದ್ದರು. ಮಹಾನಂದಾ ಬರೆಯುವುದು ನಿಲ್ಲಿಸಿ ಸೆರಗು ಸರಿಪಡಿಸಿಕೊಂಡಳು. ನಾನು ತಲೆ ಎತ್ತಲಿಲ್ಲ. ಎಡಗೈ ಎತ್ತಿ, ತಡೆಯಿರಿ ಎಂದು ಸನ್ನೆ ಮಾಡಿದೆ.

"ಕಿವಿ ಕೇಳಸವಲ್ದೇನು?"

"ಕೇಳಸ್ತದ್ರಿ ಮಾವಾರ. ಗಂಟಿ ಹೊಡದ ಮ್ಯಾಲ ಬರ್ತೇನಿ. ಕುಂದರ್ರಿ."

ಟೀಚರ್ ಕುರ್ಚಿ ಸರಿಸಿದರು. ಮಾವನವರು ಕೂರಲಿಲ್ಲ. ಅವರ ಉಸಿರು ನನಗೆ ಕೇಳುತ್ತಿತ್ತು. ನಾನು ಪೆನ್ನು ನಿಲ್ಲಿಸಲಿಲ್ಲ. ಮಾವನಿಗೆ ಹೇಳಿದ ಮಾತನ್ನೇ ಆ ಪರೀಕ್ಷೆಯ ಹುಡುಗಿಯ ಬಾಯಲ್ಲೂ ಬರೆದೆ. ನನ್ನ ಕಥೆಯಲ್ಲಿ ನೀನು ಏಳಲಿಲ್ಲ ಅವ್ವಾ. ಪ್ರಬಂಧ ಮುಗಿಸಿದೆ.

ಗಂಟೆ ಹೊಡೆಯುವ ಮೊದಲೇ ಅವರು ಇಳಿದು ಹೋಗಿದ್ದರು. ನಾನು ಮನೆ ಮುಟ್ಟಿದಾಗ ಬೀಗರು ಚಹಾ ಕುಡಿಯುತ್ತಿದ್ದರು. ಮಾಡಿದವರು ನಿನ್ನ ಅಳಿಯ ಸುನೀಲಕುಮಾರ. ಸಕ್ಕರೆ ಸ್ವಲ್ಪ ಹೆಚ್ಚಾಗಿತ್ತಂತೆ. ಅಷ್ಟೇ.

ಬೀಗರು ಹೋದ ಮೇಲೆ ಮಾವನವರು, "ಐದು ಮಂದಿ ಹೆಂಗಸರ ಮುಂದ ನನ್ನ ನಿಂದರಿಸೀದಿ. ತಪ್ಪಾಯ್ತು ಅನ್ನು, ಆ ಮಾಳಗಿ ಹತ್ತೂದು ಬಂದ್ ಮಾಡು" ಎಂದರು.

"ನಾ ಕಳವು ಮಾಡಿಲ್ರಿ, ಬರದೀನಿ" ಎಂದೆ. ಸುನೀಲ ಖಾಲಿ ಕಪ್ಪು ಎತ್ತಿಕೊಂಡು ಒಳಗೆ ಹೋದರು.

ಊರೆಲ್ಲ ಸುದ್ದಿಯಾಗಿದೆ ಎಂದು ನೀನು ನಾಚಿಕೊಳ್ಳುತ್ತೀ. ಆಗಲಿ ಬಿಡು. ಹಿರಿಯರಿಗೆ ಎದುರಾಡಿದಳು ಎಂದು ಯಾರಾದರೂ ಕೇಳಿದರೆ, ಹೌದು, ಎದುರಾಡಿದಳು ಅನ್ನು. ನನ್ನ ಮದುವೆಯಲ್ಲಿ ಕೊಟ್ಟ ಬುದ್ಧಿಮಾತುಗಳನ್ನೆಲ್ಲ ನಾನು ಪಾಲಿಸಿದ್ದೇನೆ. ಎರಡು ವರ್ಷ ಆ ಮನೆಯಲ್ಲಿ ಯಾರು ಯಾವಾಗ ಕರೆದರೂ ಎದ್ದಿದ್ದೇನೆ. ವಾರಕ್ಕೆ ಮುಕ್ಕಾಲು ತಾಸು ಮಾತ್ರ ಏಳುವುದಿಲ್ಲ. ಅದನ್ನು ಬಿಟ್ಟುಕೊಡು ಎಂದು ನೀನು ಹೇಳಿದರೂ ಕೇಳುವುದಿಲ್ಲ. ಬೇರೆ ಯಾರೇ ಹೇಳಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ನನ್ನ ಊಟ, ನಿದ್ದೆಯ ಚಿಂತೆ ಮಾಡಬೇಡ. ಎರಡೂ ಚೆನ್ನಾಗಿವೆ. ನೀನು ಮೊಣಕಾಲಿಗೆ ಎಣ್ಣೆ ಹಚ್ಚುವುದು ಬಿಡಬೇಡ.

ನಿನ್ನ ಹೊಟ್ಟೆಯಲ್ಲೇ ಹುಟ್ಟಿದ ಹಟಮಾರಿ,
ಜಯಮಾಲಾ

ತಾ.ಕ.: ಉತ್ತರ ಬರೆದರೆ ಮಾವನ ಮನೆಯ ವಿಳಾಸ ಹಾಕಬೇಡ. ಗುರುವಾರದಿಂದ ನಾನು ತಸ್ಲೀಮ ಟೀಚರ್ ಮನೆಯಲ್ಲಿದ್ದೇನೆ. ಯಾರೂ ಹೊರಗೆ ಹಾಕಲಿಲ್ಲ, ಚೀಲ ನಾನೇ ತುಂಬಿಕೊಂಡೆ. ನಿನ್ನೆ ಸುನೀಲ ಬಂದಿದ್ದರು. "ಅಪ್ಪಗ ಹೇಳದ ಬಂದೀನಿ, ನಡಿ ಮನಿಗಿ" ಎಂದರು. ಅಪ್ಪಗ ಹೇಳಿ ಬರ್ರಿ, ಆಗ ಬರ್ತೇನಿ ಎಂದು ಕಳಿಸಿದೆ.