ಐದು ಹೆಂಗಸರು, ಒಂದು ಹೆಸರು

ಉಪ್ಪಾಗರ ಕೇರಿ, ತೂತುಕುಡಿ
ಮೇ ೧೪, ಬುಧವಾರ

ಪ್ರೀತಿಯ ಮಗಳೇ, ನನ್ನ ಕಣ್ಣಮ್ಮಾ ಕಯಲ್,

ಉಬ್ಬಸ ಹೇಗಿದೆ? ಹೋದ ಸಲ ತಂದ ಮದ್ದನ್ನು ಜೈಲಿನ ಬಾಗಿಲಲ್ಲೇ ಇಟ್ಟುಕೊಂಡರು. ಕೊಟ್ಟರೋ, ಇಲ್ಲವೋ? ಅಲ್ಲಿನ ಸಾರಿಗೆ ಉಪ್ಪಾದರೂ ಸರಿಯಾಗಿ ಹಾಕುತ್ತಾರೆಯೇ? ಅದು ನಮ್ಮ ಬೆವರಿನದು, ಕೇಳಿ ಹಾಕಿಸಿಕೋ. ಈ ಕಾಗದವನ್ನು ನಿನಗಿಂತ ಮೊದಲು ಓದುವ ಅಧಿಕಾರಿಗೂ ನನ್ನ ವಣಕ್ಕಂ.

ಕಲ್ಯಾಣ ಕಚೇರಿಯವರು ಮಾತು ಕೊಟ್ಟದ್ದೇನು, ನಮ್ಮ ಕೈಗೆ ಬಂದದ್ದೇನು ಎಂದು ಮೊದಲು ಬರೆಯಬೇಕು. ಹಾಗೆ ಕಲಿಸಿದವಳು ನೀನೇ. ಬೂಟು ಎಂದರು, ಕೊಡಲಿಲ್ಲ. ಉಪ್ಪಿನ ಪಾತಿಯ ಬದಿಗೆ ನೆರಳು ಎಂದರು, ಕೊಡಲಿಲ್ಲ. ಪಂಪಿನ ತಂತಿಗೆ ಹೊದಿಕೆ ಎಂದರು, ಹಾಕಲಿಲ್ಲ. ಸಂಘದ ಐವರಿಗೆ ಒಂದು ಕಂಪ್ಯೂಟರು, ಐವರೂ ತಮ್ಮ ತಮ್ಮ ಹೆಸರಿನಲ್ಲೇ ಅರ್ಜಿ ಬರೆಯಬಹುದು ಎಂದರು. ಪೆಟ್ಟಿಗೆ ಬಂತು. ಒಬ್ಬೊಬ್ಬರ ಹೆಸರಿಗೂ ಒಂದೊಂದು ಪರವಾನಗಿ ಬರಬೇಕಿತ್ತು; ಬಂದದ್ದು ಒಂದೇ, ನಿನ್ನ ಹೆಸರಿನದು. ಬೇರೆ ಯಾರು ಕೂತರೂ ಅದು ಓದಲು ಬಿಡುತ್ತಿತ್ತು, ಬರೆಯಲು ಬಿಡುತ್ತಿರಲಿಲ್ಲ.

ಅದು ನಮಗೆ ತಪ್ಪು ಅನ್ನಿಸಲೇ ಇಲ್ಲ, ನೋಡು. ಪಾತಿಯಲ್ಲಿ ಒಬ್ಬಳ ಹೆಸರು ಕೂಗಿ ಇಡೀ ಗುಂಪಿನ ಹಾಜರಿ ಹಾಕುವುದು ನಮ್ಮಜ್ಜಿಯ ಕಾಲದಿಂದ ನಡೆದದ್ದು. ಇಲ್ಲೂ ಹಾಗೇ ಅಂದುಕೊಂಡೆವು. ನೀನು ನಿನ್ನ ಹೆಸರಿನಲ್ಲಿ ತೆರೆದು ಕೊಟ್ಟೆ; ನಾನು, ಇಸಕ್ಕಿ, ಎಸ್ತರ್, ಸಂತನಮಾರಿ ಸರದಿಯ ಮೇಲೆ ಕೂತು ಬರೆದೆವು. ಸಂತನಮಾರಿ ಹೊದಿಕೆಯಿಲ್ಲದ ಆ ಪಂಪಿನ ತಂತಿಗೆ ಸಿಕ್ಕಿ ಉಪ್ಪುನೀರಿನಲ್ಲೇ ಸತ್ತ ವಾರ ಕರಪತ್ರ ಬರೆದದ್ದೂ ಹಾಗೆಯೇ. ಅದನ್ನು ಓದಿದ ಜನ ಪಂಪಿನ ಕೋಣೆಯ ಬೀಗ ಮುರಿದು ಕರೆಂಟು ಕಿತ್ತರು. ಪೊಲೀಸರು ಬಂದರು, ಪೆಟ್ಟಿಗೆಯೊಳಗಿದ್ದುದನ್ನು ನಕಲು ಮಾಡಿಕೊಂಡರು. ಬರೆದವರು ಯಾರು ಎಂಬಲ್ಲಿ ನಿನ್ನ ಪೂರ್ತಿ ಹೆಸರು, ಕಯಲ್‌ವಿಳಿ ಎಂದಿತ್ತು. ನಿನ್ನನ್ನು ಎಳೆದೊಯ್ದರು.

ಠಾಣೆಗೆ ಹೋಗಿ ಆ ಮಾತು ನಮ್ಮೆಲ್ಲರದು ಎಂದೆ. ಇನ್ಸ್‌ಪೆಕ್ಟರ್ ನಕ್ಕ. "ಯಂತ್ರ ಸುಳ್ಳು ಹೇಳುತ್ತಾ ಅಮ್ಮಾ? ಉಪ್ಪು ಬಾಚೋ ಹೆಂಗಸು ಇಂಥ ಮಾತು ಬರೀತಾಳಾ? ಓದಿದ ಹುಡುಗಿ ತಲೆ ಕೆಡಿಸಿದ್ದಾಳೆ." ನಾನೆಂದೆ, "ಸಾರ್, ನನ್ ಬಾಯಿ ನಿಮಗಿನ್ನೂ ಗೊತ್ತಿಲ್ಲ. ಮೇಸ್ತ್ರಿನ ಕೇಳಿ." ಹೊರಗೆ ನೂಕಿದರು.

ಸರಿ, ಯಂತ್ರದ ಮಾತೇ ಮಾತಾದರೆ ಅದರಲ್ಲಿ ನಮ್ಮ ಹೆಸರೂ ಇರಲಿ ಎಂದು ಎಸ್ತರಳ ತಮ್ಮ ಜೆಬರಾಜನನ್ನು ಕರೆಸಿದೆವು. ಅವನಿಗೆ ಬಂದರಿನ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ನೋಡಿದವನೇ ಹಣೆ ಚಚ್ಚಿಕೊಂಡ. "ಅಕ್ಕಾ, ಇದು ತನ್ನನ್ನ ಒಬ್ಬರ ಮನೆ ಅಂತ ತಿಳ್ಕೊಂಡಿದೆ. ನೀನು ಛತ್ರ ಕಣೋ, ಬಂದೋರಿಗೆಲ್ಲ ಅವರವರ ಹೆಸರಲ್ಲೇ ಬಾಗಿಲು ತೆಗಿ ಅಂತ ಹೇಳಬೇಕು. ಆದರೆ ಉಳಿದ ಹೆಸರುಗಳ ಪರವಾನಗಿ ಎಲ್ಲಿ?" ಎಲ್ಲಿದ್ದವು ಗೊತ್ತೇ? ಕಲ್ಯಾಣ ಕಚೇರಿಯಲ್ಲಿ! ನಮ್ಮ ಪಾಲಿನ ಪರವಾನಗಿ ಅಲ್ಲಿನ ಗುಮಾಸ್ತರ ಮನೆಯ ಕಂಪ್ಯೂಟರುಗಳಲ್ಲಿ, ಅವರ ಮಕ್ಕಳ ಪಾಠಕ್ಕೆ ಓಡುತ್ತಿತ್ತು. ಉಪ್ಪು ಎಳೆಯುವ ಹಲಗೆಗಳನ್ನು ಅಡ್ಡ ಹಾಕಿ ಆ ಕಚೇರಿಯ ಹೊಸ್ತಿಲಲ್ಲೇ ಕೂತೆವು. ಸಾಹೇಬ, "ನಿಮಗೆಲ್ಲ ಯಾಕಮ್ಮಾ ಕಂಪ್ಯೂಟರು?" ಎಂದ. ಎಸ್ತರ್ ಅಂದಳು, "ನಿಮ್ಮ ಸುಳ್ಳು ಬಹಳ ಆಗೋಯ್ತು ಸಾರ್, ಕೈಯಲ್ಲಿ ಬರೆದು ಮುಗಿಯಲ್ಲ." ಸಂಜೆಯೊಳಗೆ ಕೊಟ್ಟರು.

ಜೆಬರಾಜ್ ಸಾಫ್ಟ್‌ವೇರನ್ನು ಕಿತ್ತು, ಹಲವರು ಹಂಚಿಕೊಳ್ಳುವ ಹಾಗೆ ಮತ್ತೆ ಹಾಕಿದ. ಮೊದಲು ನಾನು ಕೂತೆ. ಉಪ್ಪು ತಿಂದು ಒಡೆದ ಬೆರಳಿನಲ್ಲಿ ಪೇಚ್ಚಿಯಮ್ಮಾಳ್ ಎಂದು ಒತ್ತಿದೆ. ಇಸಕ್ಕಿ ಬೆನ್ನ ಹಿಂದೆ, "ಅತ್ತೆ ಅಕ್ಷರ ಹುಡುಕೋದ್ರೊಳಗೆ ಮಳೆ ಬಂದು ಪಾತಿ ಎಲ್ಲಾ ಕರಗುತ್ತೆ" ಎಂದಳು. ಪುಟ ತೆರೆಯಿತು, ಬರೆಯಲು ಬಿಟ್ಟಿತು. ಒಬ್ಬೊಬ್ಬರೇ ಕೂತರು. ಐದನೆಯ ಹೆಸರು ಸಂತನಮಾರಿಯದು. ಅದನ್ನು ತೆರೆಯುವವರಿಲ್ಲ.

ಆಮೇಲೆ ಜೆಬರಾಜ್ ತಲೆ ತಗ್ಗಿಸಿ ಹೇಳಿದ, "ಹಳೇ ಕರಪತ್ರದ ಮೇಲಿನ ಹೆಸರು ಮಾತ್ರ ಬದಲಾಗಲ್ಲ ಅಕ್ಕಾ. ಬದಲಾಯಿಸಿದರೆ ಅದೇ ಇನ್ನೊಂದು ಕೇಸು." ಇಷ್ಟೆಲ್ಲ ಮಾಡಿದರೂ ನೀನು ಒಳಗೇ. ತಂತಿ ಇನ್ನೂ ಬೆತ್ತಲೆಯೇ. ನಿನ್ನೆಯಿಂದ ಪಂಪು ಮತ್ತೆ ಓಡುತ್ತಿದೆ, ಹೆಂಗಸರು ಮತ್ತೆ ಪಾತಿಯ ನೀರಿಗೆ ಇಳಿದಿದ್ದಾರೆ.

ಎದೆ ಗಟ್ಟಿಯಾಗಿರಲಿ ಮಗಳೇ. ಇಸಕ್ಕಿ, ಎಸ್ತರ್ ನಿನ್ನನ್ನು ಕೇಳಿದರೆಂದು ತಿಳಿ. ಊರಮ್ಮ ನಿನ್ನ ಉಸಿರು ಕಾಯಲಿ.

ನಿನ್ನ ಅಮ್ಮ,
ಪೇಚ್ಚಿಯಮ್ಮಾಳ್

ಮರೆತಿದ್ದೆ: "ತಂತಿಗೆ ಹೊದಿಕೆ ಕೇಳಿದೆವು, ಹೆಣಕ್ಕೆ ಹೊದಿಸಿದಿರಿ, ಇನ್ನು ಪಂಪು ನಿಲ್ಲುವ ತನಕ ನಾವು ನಿಲ್ಲೆವು." ಕರಪತ್ರದ ಈ ಸಾಲಿಗಾಗಿಯೇ ನಿನ್ನ ಮೇಲೆ ಕೇಸು. ಇದು ನನ್ನ ಸಾಲು. ಅಮ್ಮ ಉಳಿಯಲಿ ಎಂದು ನೀನು ತುಟಿ ಹೊಲಿದುಕೊಂಡು ಕೂತಿದ್ದೀಯ. ಸಾಕು, ಹೊಲಿಗೆ ಬಿಚ್ಚು. ಕೇಳಿದರೆ ನನ್ನ ಹೆಸರು ಹೇಳು. ಹೇಳದಿದ್ದರೂ ನಾನು ಬರುತ್ತೇನೆ: ಅದೇ ಕರಪತ್ರವನ್ನು ಆ ಯಂತ್ರದಲ್ಲೇ ಮತ್ತೆ ಬರೆಯುತ್ತೇವೆ, ಅವರವರ ಸಾಲು ಅವರವರ ಹೆಸರಿನಲ್ಲಿ, ಇಡೀ ಕೇರಿಯ ಕಣ್ಣೆದುರಿಗೆ. ಅದನ್ನು ಹಿಡಿದು ನೇರ ಠಾಣೆಗೆ. ಈ ಕಾಗದ ಓದುವ ಅಧಿಕಾರಿಯೂ ಬರಬಹುದು. ಸಭೆ ಭಾನುವಾರ, ಸಂಜೆ ನಾಲ್ಕು ಗಂಟೆಗೆ, ಸಂಘದ ಕೋಣೆಯಲ್ಲಿ.